ಮನೆಯಲ್ಲೇ ರೈಲು ಎಂಜಿನ್ ಮಾಡೆಲ್: ಕೊಡಗಿನ ಮಳೆಗೆ ಹೊಂದುವ ಹಾಗೆ ಕಟ್ಟುವ ಕ್ರಮ

ನೆರವು ಕೇಳಿ ಬರುವವರ ಕೈಯಲ್ಲಿರುವ ಎಂಜಿನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ನೋಡಲು ಚೆಂದ. ಬಾಡಿ ನೀಟಾಗಿದೆ, ಕಿಟಕಿ ಕೊರೆದಿದ್ದಾರೆ, ಬಣ್ಣವೂ ಹೊಡೆದಾಗಿದೆ. ಹಳಿ ಮೇಲಿಟ್ಟು ಕರೆಂಟ್ ಕೊಟ್ಟರೆ ಒಂದು ಸಲ ಮುಲುಗಿ ನಿಂತುಬಿಡುತ್ತದೆ. ಒಳಗೆ ಏನಾಗಿದೆ ನೋಡೋಣ ಅಂದರೆ ಬಾಡಿಯನ್ನು ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದಾರೆ. ಇನ್ನು ಕೆಲವರದ್ದು ಚೆನ್ನಾಗಿಯೇ ಓಡುತ್ತದೆ, ಆದರೆ ಜುಲೈ ತಿಂಗಳಲ್ಲಿ ಸ್ಪ್ರೇ ಹೊಡೆದಿದ್ದರಿಂದ ಕಪ್ಪು ಎಂಜಿನ್ ಪೂರ್ತಿ ಬೂದು ಬಣ್ಣಕ್ಕೆ ತಿರುಗಿದೆ.

ಎರಡೂ ಕಡೆ ತಪ್ಪಿರುವುದು ಕೆಲಸದ ಕ್ರಮ. ಓಡುವ ಭಾಗ ಮೊದಲು. ಬಾಡಿ ಆಮೇಲೆ. ಕುಸುರಿ ಕೆಲಸ ಅದರ ನಂತರ. ಬಣ್ಣ ಕೊನೆಗೆ, ಅದೂ ಮಳೆ ಪೂರ್ತಿ ಬಿಟ್ಟ ಮೇಲೆ. ಕೆಳಗಿನ ಹಂತಗಳನ್ನು ಅದೇ ಸಾಲಿನಲ್ಲಿ ಬರೆದಿದ್ದೇನೆ. ಮಧ್ಯದಿಂದ ಓದಬೇಡಿ.

## ಯಾವ ತಿಂಗಳಲ್ಲಿ ಯಾವ ಕೆಲಸ

ಬೇರೆ ಊರಿನವರು ಬರೆದ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದಿಲ್ಲ. ನಮಗೆ ಇದೇ ಮುಖ್ಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆ ಒಗೆದ ಬಟ್ಟೆಯೇ ಒಣಗಲ್ಲ, ಇನ್ನು ಬಣ್ಣ ಒಣಗುತ್ತಾ? ಈ ನಾಲ್ಕು ತಿಂಗಳು ಚಾಸಿ (ಚಕ್ರ, ಮೋಟಾರ್ ಕೂರುವ ತಳಭಾಗ), ಗೇರ್, ವೈರಿಂಗ್, ಪ್ಲಾಸ್ಟಿಕ್ ಹಾಳೆ ಕತ್ತರಿಸುವ ಕೆಲಸ ಇಟ್ಟುಕೊಳ್ಳಿ. ಕಕ್ಕಡದ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಲು ಹೇಳಿ ಮಾಡಿಸಿದ ಕೆಲಸ ಇವು. ರಟ್ಟು, ಪ್ಲೈವುಡ್, ಐಸ್‌ಕ್ರೀಂ ಕಡ್ಡಿ ಇಂಥವನ್ನು ಮಾತ್ರ ಈ ಸಮಯದಲ್ಲಿ ಕತ್ತರಿಸಿ ಜೋಡಿಸಬೇಡಿ. ತೇವ ಕುಡಿದು ಹಿಗ್ಗಿರುತ್ತವೆ. ಡಿಸೆಂಬರ್‌ನಲ್ಲಿ ಒಣಗಿ ಕುಗ್ಗಿದಾಗ ಜಾಯಿಂಟ್ ಬಿಡುತ್ತದೆ.

ಬಣ್ಣಕ್ಕೆ ಪುತ್ತರಿ (ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲಿನ ದಿನಗಳು ಒಳ್ಳೆಯವು. ಆದರೆ ಕಾಫಿ ಕಣದ ಪಕ್ಕ ಸ್ಪ್ರೇ ಹೊಡೆಯಬೇಡಿ. ಕಾಫಿ ಹರವಿ ಕೆದಕುವಾಗ ಏಳುವ ಧೂಳೆಲ್ಲ ಹಸಿ ಬಣ್ಣದ ಮೇಲೆ ಕೂರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಜೊತೆ ಗುಡುಗು ಸಿಡಿಲು ಬರುತ್ತದಲ್ವಾ, ಆಗ ಹಳಿಗೆ ಕರೆಂಟ್ ಕೊಡುವ ಕಂಟ್ರೋಲರ್‌ನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಕುಶಾಲನಗರ ಕಡೆಯವರಿಗೆ ಮಳೆ ಕಡಿಮೆ. ಅವರು ಈ ಲೆಕ್ಕವನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಬಹುದು.

## ಹಂತ 1: ಸ್ಕೇಲ್ ಮತ್ತು ಎಂಜಿನ್ ಗೊತ್ತು ಮಾಡಿಕೊಳ್ಳಿ

ಎಚ್‌ಒ ಸ್ಕೇಲ್ ತೆಗೆದುಕೊಳ್ಳಿ. ಅಂದರೆ ನಿಜದ ಎಂಜಿನ್‌ನ 87ರಲ್ಲಿ ಒಂದು ಭಾಗ. ಇದರ ಹಳಿಯ ಅಗಲ 16.5 ಮಿ.ಮೀ. ಚಕ್ರ, ಮೋಟಾರ್, ಹಳಿ ಎಲ್ಲ ಸುಲಭವಾಗಿ ಸಿಗುವುದು ಇದರಲ್ಲೇ. 1:160ರ ಎನ್ ಸ್ಕೇಲ್ ಜಾಗ ಉಳಿಸುತ್ತದೆ ನಿಜ, ಆದರೆ ಮೊದಲ ಎಂಜಿನ್‌ಗೆ ತುಂಬ ಸಣ್ಣದು. ಬೆರಳು ಹೋಗಲ್ಲ, ಕಣ್ಣು ಸೋಲುತ್ತದೆ.

ಇಲ್ಲಿ ಒಂದು ರಾಜಿ ಮಾಡಿಕೊಳ್ಳಬೇಕು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಳಿ 16.5. ಯಾಕಂದರೆ ಅದು 1435 ಮಿ.ಮೀ. ಅಗಲದ ವಿದೇಶಿ ಹಳಿಯ ಲೆಕ್ಕದ್ದು. ಚಕ್ರಗಳು ಒಂದೊಂದು ಪಕ್ಕದಲ್ಲಿ ಸುಮಾರು ಒಂದೂವರೆ ಮಿ.ಮೀ. ಒಳಗೆ ಕೂರುತ್ತವೆ, ಅಷ್ಟೇ. ಮೇಜಿನ ಮೇಲೆ ಓಡುವಾಗ ಅದು ಯಾರ ಕಣ್ಣಿಗೂ ಬೀಳಲ್ಲ. ಇದನ್ನು ಸರಿ ಮಾಡಲು ಹೋಗಿ ಸ್ವಂತ ಹಳಿ, ಸ್ವಂತ ಆಕ್ಸಲ್ ಮಾಡಲು ಕೂತವರು ಎಂಜಿನ್‌ವರೆಗೆ ಬರುವುದೇ ಇಲ್ಲ.

ಮೊದಲ ಎಂಜಿನ್ ಡೀಸೆಲ್ ಆಗಿರಲಿ. ನಮ್ಮ ರೈಲ್ವೆಯ ಡಬ್ಲ್ಯೂಡಿಎಂ-2 ಒಳ್ಳೆಯ ಆಯ್ಕೆ. ಪೆಟ್ಟಿಗೆ ಆಕಾರ, ಚಪ್ಪಟೆ ಪಕ್ಕಗಳು, ಫೋಟೋಗಳಿಗೆ ಬರವಿಲ್ಲ. ಸ್ಟೀಮ್ ಎಂಜಿನ್‌ನಲ್ಲಿ ರಾಡ್, ಪಿಸ್ಟನ್, ಗುಂಡನೆ ಬಾಯ್ಲರ್ ಎಲ್ಲ ಒಟ್ಟಿಗೆ ಬರುತ್ತವೆ. ಅದನ್ನು ಎರಡನೆಯದಕ್ಕೆ ಇಟ್ಟುಕೊಳ್ಳಿ. ಎಷ್ಟು ಹೇಳಿದರೂ ಎಲ್ಲರೂ ಸ್ಟೀಮ್‌ನಿಂದಲೇ ಶುರು ಮಾಡುತ್ತಾರೆ, ಏನು ಮಾಡೋದು.

## ಹಂತ 2: ಅಳತೆ ಮತ್ತು ಫೋಟೋ

ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಹಾಗಾಗಿ ಅಳತೆ ಹುಡುಕಿಕೊಂಡು ಜಿಲ್ಲೆ ದಾಟಲೇಬೇಕು. ಡೀಸೆಲ್ ಇನ್ನೂ ಬರುತ್ತಿದ್ದರೆ ಸಕಲೇಶಪುರ ಅಥವಾ ಮೈಸೂರು ನಿಲ್ದಾಣ, ಸ್ಟೀಮ್ ನೋಡಲು ಮೈಸೂರಿನ ರೈಲು ಮ್ಯೂಸಿಯಂ. ಅಲ್ಲಿ ಹಳೆಯ ಎಂಜಿನ್‌ಗಳ ಪಕ್ಕದಲ್ಲೇ ನಿಂತು ರಾಡು, ಪೈಪು, ಮೆಟ್ಟಿಲು ನೋಡಬಹುದು. (ಮೈಸೂರಿನಿಂದ ಕುಶಾಲನಗರಕ್ಕೆ ಹಾಕಬೇಕೆಂದಿರುವ ಹೊಸ ಮಾರ್ಗ ಸುಮಾರು 87 ಕಿ.ಮೀ. ನಮ್ಮ ಸ್ಕೇಲ್‌ನಲ್ಲಿ ಅದು ಸರಿಯಾಗಿ ಒಂದು ಕಿಲೋಮೀಟರ್. ನಿಜವಾದ ರೈಲು ಬರುವ ಮೊದಲು ನಮ್ಮಲ್ಲೇ ಯಾರಾದರೂ ಅಷ್ಟು ಹಳಿ ಹಾಕಿಬಿಡಬಹುದು.)

ಫೋಟೋ ತೆಗೆಯುವಾಗ ಒಂದೇ ಎಂಜಿನ್ ಹಿಡಿದುಕೊಳ್ಳಿ. ಎಡ ಪಕ್ಕ, ಬಲ ಪಕ್ಕ, ಎರಡೂ ತುದಿ. ಆಮೇಲೆ ಮೇಲ್ಸೇತುವೆ ಹತ್ತಿ ಚಾವಣಿ. ಚಾವಣಿ ಫೋಟೋ ಮರೆಯುವವರೇ ಜಾಸ್ತಿ, ಮಾಡೆಲ್ ಅನ್ನು ಮೇಜಿನ ಮೇಲಿಟ್ಟಾಗ ಮೊದಲು ಕಾಣುವುದು ಅದೇ. ಡಬ್ಲ್ಯೂಡಿಎಂ-2 ಎಲ್ಲ ಒಂದೇ ಥರ ಇಲ್ಲ. ‘ಜಂಬೋ’ ಅಂತ ಕರೆಯುವವುಗಳ ಚಿಕ್ಕ ಹುಡ್ (ಡ್ರೈವರ್ ಕೋಣೆಯ ಮುಂದಿನ ಗಿಡ್ಡ ಮೂತಿ) ತಗ್ಗಾಗಿದೆ, ಮುಂದಿನ ಕಿಟಕಿ ದೊಡ್ಡದು. ಒಂದರ ಹುಡ್, ಇನ್ನೊಂದರ ಕಿಟಕಿ ಸೇರಿಸಿ ಕಟ್ಟಿದರೆ ಅಂಥ ಎಂಜಿನ್ ಭೂಮಿ ಮೇಲೇ ಇರಲ್ಲ.

ಅಳತೆಗಳನ್ನು 87ರಿಂದ ಭಾಗಿಸಿ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ. ಡಬ್ಲ್ಯೂಡಿಎಂ-2ರ ಬಫರ್‌ನಿಂದ ಬಫರ್‌ಗೆ, ಅಂದರೆ ತುದಿಯಿಂದ ತುದಿಗೆ ಉದ್ದ 17,120 ಮಿ.ಮೀ., ಮಾಡೆಲ್‌ನಲ್ಲಿ 197. ಚಕ್ರ 1092 ಮಿ.ಮೀ., ಮಾಡೆಲ್‌ನಲ್ಲಿ 12.5. ಡಬ್ಲ್ಯೂಪಿ ಸ್ಟೀಮ್ ಎಂಜಿನ್‌ನ ದೊಡ್ಡ ಚಕ್ರ 67 ಇಂಚು, ಅಂದರೆ ಮಾಡೆಲ್‌ನಲ್ಲಿ 19.5 ಮಿ.ಮೀ. ಈ ಹಾಳೆಯನ್ನು ಗೋಡೆಗೆ ಅಂಟಿಸಿ. ಪ್ರತಿ ಸಲ ಮೊಬೈಲ್‌ನಲ್ಲಿ ಭಾಗಿಸುತ್ತಾ ಕೂತರೆ ಒಂದಲ್ಲ ಒಂದು ಕಡೆ ಎಡವುತ್ತೀರಿ.

## ಹಂತ 3: ಬೇಕಾದ ಸಾಮಾನು

ಸ್ಟೀಲ್ ಸ್ಕೇಲ್, ಚೂಪಾದ ಕ್ರಾಫ್ಟ್ ಚಾಕು, ಮೂಲೆಮಟ್ಟ, ಸಣ್ಣ ಅರಗಳ ಸೆಟ್, ಡಿಜಿಟಲ್ ಕ್ಯಾಲಿಪರ್, 0.4ರಿಂದ 1 ಮಿ.ಮೀ.ವರೆಗಿನ ಡ್ರಿಲ್ ಬಿಟ್‌ಗಳು, ಅವನ್ನು ಕೈಯಲ್ಲೇ ತಿರುಗಿಸುವ ಪಿನ್ ವೈಸ್, 25 ವ್ಯಾಟ್ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್. ಇದರಲ್ಲಿ ಯಾವುದನ್ನಾದರೂ ಬಿಟ್ಟೇಬಿಡಬೇಕು ಅಂದರೆ ಕ್ಯಾಲಿಪರ್ ಬಿಡಿ. ಮಲ್ಟಿಮೀಟರ್ ಮಾತ್ರ ಬಿಡಬೇಡಿ.

ಬಾಡಿಗೆ 0.5 ಮತ್ತು 1 ಮಿ.ಮೀ. ದಪ್ಪದ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ. ಸ್ಟೇಷನರಿ ಅಂಗಡಿಯ ಸನ್‌ಬೋರ್ಡ್ ಬೇರೆ ವಸ್ತು. ಒತ್ತಿದರೆ ಗುಳಿ ಬೀಳುತ್ತದೆ, ಸ್ಟೈರೀನ್ ಅಂಟು ಅದಕ್ಕೆ ಹಿಡಿಯಲ್ಲ. ಗುರುತಿಸುವುದು ಸುಲಭ: ಚಾಕುವಿನಿಂದ ಎರಡು ಮೂರು ಸಲ ಗೀರಿ ಬಗ್ಗಿಸಿದರೆ ಸ್ಟೈರೀನ್ ಟಕ್ ಅಂತ ನೇರವಾಗಿ ಮುರಿಯುತ್ತದೆ.

ಅಂಟುಗಳನ್ನು ಬೆರೆಸಬೇಡಿ. ಸ್ಟೈರೀನ್‌ಗೆ ಸ್ಟೈರೀನ್ ಸೇರಿಸಲು ಪ್ಲಾಸ್ಟಿಕ್ ಕರಗಿಸಿ ಹಿಡಿಯುವ ನೀರಿನಂಥ ಅಂಟು. ಲೋಹಕ್ಕೆ ಪ್ಲಾಸ್ಟಿಕ್ ಸೇರಿಸಲು ಅರಾಲ್ಡೈಟ್. ‘ಎಲ್ಲದಕ್ಕೂ ಫೆವಿಕ್ವಿಕ್ ಹಾಕಿದ್ರೆ ಆಗಲ್ವಾ?’ ಅಂತ ಕೇಳುತ್ತಾರೆ. ಆಗಲ್ಲ. ಅದರ ಆವಿ ತೇವದ ಗಾಳಿಯಲ್ಲಿ ಸುತ್ತಮುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ಕಿಟಕಿ ಗಾಜಿನ ಹತ್ತಿರವಂತೂ ಬೇಡವೇ ಬೇಡ.

ತಂತಿ ವಿಷಯದಲ್ಲೂ ಅಷ್ಟೇ. ಗಿಟಾರ್ ತಂತಿ ನೇರವಾಗಿರುತ್ತದೆ ಅಂತ ಕೈಹಿಡಿಗೆ ಹಾಕುತ್ತಾರೆ. ಉಕ್ಕಿನ ತಂತಿ ನಮ್ಮಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದ ಒಳಗಿಂದಲೇ ತುಕ್ಕು ಕಾರುತ್ತದೆ. ಹಿತ್ತಾಳೆ ತಂತಿ ತನ್ನಿ. ಹಳಿಯೂ ನಿಕಲ್ ಸಿಲ್ವರ್‌ದೇ ಇರಲಿ.

## ಹಂತ 4: ಚಾಸಿ ಮೊದಲು ಓಡಲಿ

ಎಲ್ಲರೂ ಸೋಲುವುದು ಇಲ್ಲಿ. ನಿಧಾನವಾಗಿ ಮಾಡಿ.

ಮೊದಲ ಎಂಜಿನ್‌ಗೆ ಚಾಸಿಯನ್ನು ಕಟ್ಟಬೇಡಿ, ಕೊಳ್ಳಿ. ಹಳೆಯ ಅಥವಾ ಬಾಡಿ ಒಡೆದುಹೋದ, ಆರು ಆಕ್ಸಲ್‌ನ ಯಾವುದಾದರೂ ಎಚ್‌ಒ ಡೀಸೆಲ್ ಎಂಜಿನ್ ಸಾಕು. ಕೊಳ್ಳುವ ಮೊದಲು ಮೂರು ಅಳತೆ ಕೇಳಿ: ಎರಡು ಬೋಗಿಗಳ (ಎಂಜಿನ್ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟುಗಳು) ನಡುಮಧ್ಯದ ದೂರ, ಒಂದೊಂದು ಬೋಗಿಯ ಉದ್ದ, ಚಕ್ರದ ವ್ಯಾಸ. ಮೊದಲನೆಯದು ನಿಮ್ಮ ಅಳತೆ ಹಾಳೆಗೆ ಆದಷ್ಟು ಹತ್ತಿರ ಇರಲಿ, ಎರಡು ಮೂರು ಮಿ.ಮೀ. ವ್ಯತ್ಯಾಸವನ್ನು ಡೀಸೆಲ್ ಟ್ಯಾಂಕ್‌ನ ಉದ್ದದಲ್ಲಿ ಮುಚ್ಚಿಬಿಡಬಹುದು. ಡಬ್ಲ್ಯೂಡಿಎಂ-2ರ ಬೋಗಿಯಲ್ಲಿ ಮೂರು ಆಕ್ಸಲ್‌ಗಳ ನಡುವಿನ ಅಂತರ ಸಮ ಇಲ್ಲ. ಅಂಥದ್ದೇ ಸಿಕ್ಕಿದರೆ ಅದೃಷ್ಟ. ಸಮ ಅಂತರದ ಬೋಗಿ ಸಿಕ್ಕಿದರೆ ಪಕ್ಕದ ಫ್ರೇಮ್ ಮಾತ್ರ ಹೊಸದಾಗಿ ಮಾಡಿ ಅಂಟಿಸಿ.

ಸ್ವಂತವಾಗಿ ಕಟ್ಟಲೇಬೇಕು ಅನ್ನುವವರು ಎನ್20 ಗೇರ್ ಮೋಟಾರ್ ನೋಡಬಹುದು. ಹುಡ್ ಒಳಗೆ ಸುಲಭವಾಗಿ ಕೂರುತ್ತದೆ. ಯಾವ ವೇಗದ್ದು ಬೇಕು ಎನ್ನುವುದಕ್ಕೆ ಲೆಕ್ಕ ಹೀಗೆ: 12.5 ಮಿ.ಮೀ. ಚಕ್ರ ಒಂದು ಸುತ್ತಿಗೆ 39 ಮಿ.ಮೀ. ಹೋಗುತ್ತದೆ. ಗಂಟೆಗೆ 100 ಕಿ.ಮೀ. ವೇಗ 1:87ರಲ್ಲಿ ಸೆಕೆಂಡಿಗೆ ಸುಮಾರು 320 ಮಿ.ಮೀ. ಅಂದರೆ ಸೆಕೆಂಡಿಗೆ ಎಂಟು ಸುತ್ತು, ನಿಮಿಷಕ್ಕೆ 490 ಸುತ್ತು. 12 ವೋಲ್ಟ್‌ಗೆ 500 ಸುತ್ತಿನ ಮೋಟಾರ್ ತಂದು, ಅದರಿಂದ ಆಕ್ಸಲ್‌ಗೆ ಹೋಗುವ ಗೇರ್‌ಗಳ ಹಲ್ಲು ಸಮ ಇದ್ದರೆ ಲೆಕ್ಕ ಸರಿಯಾಗುತ್ತದೆ. ಸುಮ್ನೆ ಸಿಕ್ಕಿದ ಆಟಿಕೆ ಮೋಟಾರ್ ಹಾಕಿದರೆ ಎಂಜಿನ್ ನಿಂತಲ್ಲಿಂದ ಹಾರುತ್ತದೆ.

ಚಾಸಿ ಬಂದ ಮೇಲೆ ಈ ಪರೀಕ್ಷೆಗಳು ಆಗಲೇಬೇಕು:

1. ಚಕ್ರದ ಒಳಮೈಯಿಂದ ಒಳಮೈಗೆ ಅಂತರ ಅಳೆಯಿರಿ. ಸುಮಾರು 14.4 ಮಿ.ಮೀ. ಇರಬೇಕು. ಒಂದು ಜೋಡಿ ಕಡಿಮೆ ಇದ್ದರೂ ಹಳಿ ಕವಲೊಡೆಯುವ ಪಾಯಿಂಟ್‌ನಲ್ಲಿ ಎಂಜಿನ್ ಹಳಿ ತಪ್ಪುತ್ತದೆ.

2. ಮೋಟಾರ್, ಅದು ತಿರುಗಿಸುವ ತಿರುಪಿನಂಥ ಗೇರ್ (ವರ್ಮ್) ಎರಡನ್ನೂ ಬಿಚ್ಚಿಟ್ಟು ಚಾಸಿಯನ್ನು ಬೆರಳಲ್ಲಿ ತಳ್ಳಿ ನೋಡಿ. ಎಲ್ಲೂ ತಡೆಯದೆ ಉರುಳಬೇಕು. ಒಂದೇ ಜಾಗದಲ್ಲಿ ಪದೇ ಪದೇ ಕಚ್ಚಿದರೆ ಗೇರ್ ಹಲ್ಲಲ್ಲಿ ಕಸ ಇದೆ, ಇಲ್ಲವೇ ಗೇರ್ ಸೀಳಿದೆ.

3. ಮೋಟಾರ್ ಜೋಡಿಸಿ, ಮಲ್ಟಿಮೀಟರ್ ಅನ್ನು ಸಾಲಿನಲ್ಲಿ ಹಾಕಿ ಕರೆಂಟ್ ನೋಡುತ್ತಾ 5 ನಿಮಿಷ ಓಡಿಸಿ. ಅಂಕಿ ನಿಂತಲ್ಲೇ ನಿಂತಿದ್ದರೆ ಒಳ್ಳೆಯದು. ನಿಧಾನಕ್ಕೆ ಏರುತ್ತಾ ಹೋದರೆ ಎಲ್ಲೋ ಬಿಗಿಯಾಗುತ್ತಿದೆ. ಮೋಟಾರ್ ಮುಟ್ಟಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ.

4. ಎರಡೂ ಬೋಗಿಗಳ ಎಲ್ಲ ಚಕ್ರಗಳಿಂದ ಕರೆಂಟ್ ಮೋಟಾರ್‌ಗೆ ಬರುತ್ತಿದೆಯಾ ಅಂತ ಒಂದೊಂದಾಗಿ ನೋಡಿ. ಎರಡೇ ಚಕ್ರದಿಂದ ಕರೆಂಟ್ ತೆಗೆದುಕೊಳ್ಳುವ ಎಂಜಿನ್ ಪ್ರತಿ ಪಾಯಿಂಟ್‌ನಲ್ಲೂ ನಿಲ್ಲುತ್ತದೆ.

5. ನೀವು ಹಾಕಲಿರುವ ತಿರುವಿನಲ್ಲೇ ಓಡಿಸಿ. ಆರು ಆಕ್ಸಲ್ ಡೀಸೆಲ್‌ಗೆ, ಉದ್ದದ ಸ್ಟೀಮ್‌ಗೆ 22 ಇಂಚಿನ ತ್ರಿಜ್ಯಕ್ಕಿಂತ ಬಿಗಿ ತಿರುವು ಬೇಡ.

ಎಣ್ಣೆ ಬಗ್ಗೆ ಒಂದು ಮಾತು. ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರ್‌ನ ಮಡಿಕೇರಿ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಗೇರ್‌ನಲ್ಲಿ ಇನ್ನೇನಾಗುತ್ತದೆ? ಲೋಹದ ಬೇರಿಂಗ್‌ಗೆ ಹೊಲಿಗೆ ಯಂತ್ರದ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟು. ಪ್ಲಾಸ್ಟಿಕ್ ಗೇರ್‌ಗೆ ಪ್ಲಾಸ್ಟಿಕ್ ತಿನ್ನದ ಗ್ರೀಸ್.

ಚಾಸಿ ಈ ಐದರಲ್ಲೂ ಪಾಸ್ ಆಗುವವರೆಗೆ ಬಾಡಿಗೆ ಒಂದು ಗೆರೆಯನ್ನೂ ಎಳೆಯಬೇಡಿ.

## ಹಂತ 5: ಡೀಸೆಲ್ ಬಾಡಿ

ಪಕ್ಕಗಳನ್ನು 1 ಮಿ.ಮೀ. ಹಾಳೆಯಲ್ಲಿ ಕತ್ತರಿಸಿ. ಎಡ, ಬಲ ಎರಡನ್ನೂ ಡಬಲ್ ಟೇಪ್‌ನಲ್ಲಿ ಒಂದರ ಮೇಲೊಂದು ಅಂಟಿಸಿ ಅಂಚು ಒಟ್ಟಿಗೆ ಅರೆದರೆ ಉದ್ದ ಎತ್ತರ ಕೂದಲೆಳೆಯಷ್ಟೂ ಬದಲಾಗಲ್ಲ.

ಹಾಳೆ ಚಪ್ಪಟೆಯಾಗಿ ಮೇಜಿನ ಮೇಲಿರುವಾಗಲೇ ಎಲ್ಲ ತೂತು ಕೊರೆಯಿರಿ: ಕಿಟಕಿ, ಕೈಹಿಡಿ, ಲೈಟ್. ಪೆಟ್ಟಿಗೆ ಕಟ್ಟಿದ ಮೇಲೆ ಕೊರೆಯಲು ಹೋದರೆ ಬಿಟ್ ಜಾರಿ ಪಕ್ಕಕ್ಕೆ ಗೀರುತ್ತದೆ, ತೂತುಗಳು ಸಾಲು ತಪ್ಪುತ್ತವೆ.

ಆಮೇಲೆ ತುದಿಗಳು, ಕೊನೆಗೆ ಚಾವಣಿ. ಒಳಮೂಲೆಗಳಿಗೆ ಚೌಕದ ಪಟ್ಟಿ ಕೊಡಿ. ಅಂಟನ್ನು ಬ್ರಷ್ ತುದಿಯಲ್ಲಿ ತಾಗಿಸಿದರೆ ಸಾಕು, ಸಂದಿಗೆ ತಾನೇ ಹರಿಯುತ್ತದೆ. ಎರಡು ಹಾಳೆ ಮೈಗೆ ಮೈ ಅಂಟಿಸುವ ಕಡೆ ಅಂಟು ಜಾಸ್ತಿಯಾದರೆ ಆವಿ ಒಳಗೆ ಸಿಕ್ಕಿಕೊಳ್ಳುತ್ತದೆ. ಅವತ್ತು ನೆಟ್ಟಗಿದ್ದ ಪಕ್ಕ ಕೆಲವು ವಾರ ಕಳೆದ ಮೇಲೆ ಬಾಳೆ ಎಲೆ ಥರ ಬಾಗುತ್ತದೆ. ಅಂಥ ಕಡೆ ಒಳಗಿನ ಹಾಳೆಗೆ ಮೊದಲೇ ನಾಲ್ಕಾರು ತೂತು ಮಾಡಿ, ಆವಿ ಹೋಗಲಿ. ಮುಚ್ಚಿದ ಡಬ್ಬದಂಥ ಭಾಗಗಳಿಗೂ ಇದೇ ಉಪಾಯ.

ಬಾಡಿಯನ್ನು ಚಾಸಿಗೆ ಅಂಟಿಸಬೇಡಿ. ಬಾಡಿ ಒಳಗೆ ಎರಡು ನಟ್‌ಗಳನ್ನು ಅರಾಲ್ಡೈಟ್‌ನಲ್ಲಿ ಕೂರಿಸಿ, ಕೆಳಗಿನಿಂದ 2 ಮಿ.ಮೀ. ಸ್ಕ್ರೂ ಹಾಕಿ. ಕೂರಿಸಿ ಮತ್ತೆ ತಿರುವಿನಲ್ಲಿ ಓಡಿಸಿ. ಮೆಟ್ಟಿಲು, ಬಫರ್ ಬೀಮ್ ಬೋಗಿಗೆ ತಾಗುತ್ತಿದ್ದರೆ ಈಗಲೇ ಅರೆಯಿರಿ. ಬಣ್ಣ ಆದ ಮೇಲೆ ಅರೆಯುವುದು ಸಂಕಟದ ಕೆಲಸ.

## ಹಂತ 6: ಸ್ಟೀಮ್ ಎಂಜಿನ್‌ನ ಹೆಚ್ಚುವರಿ ಕೆಲಸ

ಮೊದಲ ಡೀಸೆಲ್ ಓಡಿಸಿದವರು ಮಾತ್ರ ಈ ಹಂತ ಓದಿ. ಉಳಿದವರು ತೂಕದ ಹಂತಕ್ಕೆ ಹೋಗಬಹುದು.

ಡಬ್ಲ್ಯೂಪಿ, ವೈಪಿ ಎರಡೂ 4-6-2 ಜೋಡಣೆಯವು. ಮುಂದೆ ನಾಲ್ಕು ಸಣ್ಣ ಚಕ್ರ, ಮಧ್ಯ ಆರು ದೊಡ್ಡವು, ಹಿಂದೆ ಎರಡು. ವೈಪಿ ಮೀಟರ್‌ಗೇಜ್ ಎಂಜಿನ್. ಅದಕ್ಕೆ 12 ಮಿ.ಮೀ. ಹಳಿ ಬೇಕು, ಸಾಮಾನು ಹುಡುಕುವುದು ಕಷ್ಟ. ಮೊದಲು ಡಬ್ಲ್ಯೂಪಿ ಮಾಡಿ.

ತೊಂದರೆ ಕೊಡುವುದು ದೊಡ್ಡ ಚಕ್ರಗಳ ಕ್ರ್ಯಾಂಕ್, ಅಂದರೆ ರಾಡ್ ಸಿಕ್ಕಿಸುವ ಪಿನ್ ಇರುವ ಭಾಗ. ಎಡಪಕ್ಕದ ಕ್ರ್ಯಾಂಕ್ ಪಿನ್ ಕೆಳಗಿದ್ದಾಗ ಬಲಪಕ್ಕದ್ದು ಕಾಲು ಸುತ್ತು ಮುಂದೆಯೋ ಹಿಂದೆಯೋ ಇರಬೇಕು, ಅಂದರೆ 90 ಡಿಗ್ರಿ. ನಿಜವಾದ ಎಂಜಿನ್‌ನಲ್ಲಿ ಎರಡೂ ಪಿಸ್ಟನ್ ಒಟ್ಟಿಗೆ ತುದಿಗೆ ಬಂದು ಸಿಕ್ಕಿಕೊಳ್ಳಬಾರದು ಅಂತ ಹೀಗೆ ಇಟ್ಟಿರುವುದು. ಮಾಡೆಲ್‌ನಲ್ಲಿ 90 ಇದ್ದರೂ ಸರಿ, 88 ಇದ್ದರೂ ನಡೆಯುತ್ತದೆ. ಮೂರೂ ಆಕ್ಸಲ್‌ಗಳಲ್ಲಿ ಒಂದೇ ಕೋನ ಇರಬೇಕು, ಅಷ್ಟು ಮುಖ್ಯ. ಒಂದು ಆಕ್ಸಲ್ ಬೇರೆ ಕೋನದಲ್ಲಿದ್ದರೆ ಪ್ರತಿ ಸುತ್ತಿನಲ್ಲೂ ಎಂಜಿನ್ ಕುಂಟುತ್ತದೆ.

ಜೋಡಿಸುವ ಕ್ರಮ ಹೀಗಿರಲಿ. ಮೊದಲು ಚಕ್ರ ಕೂರಿಸಿ, ಎಡಪಕ್ಕದ ಮೂರೂ ಪಿನ್ ನೇರ ಕೆಳಗೆ ತನ್ನಿ. ಚಾಸಿ ತಿರುಗಿಸಿ ಬಲಪಕ್ಕ ನೋಡಿ, ಮೂರೂ ಒಂದೇ ಸಾಲಿನಲ್ಲಿರಬೇಕು. ಈಗ ಮೂರೂ ಚಕ್ರಗಳನ್ನು ಜೋಡಿಸುವ ಉದ್ದನೆಯ ರಾಡ್ ಅನ್ನು ಎರಡೂ ಕಡೆ ಹಾಕಿ, ಪಿಸ್ಟನ್ ಕಡೆಯ ರಾಡ್‌ಗಳನ್ನು ಮುಟ್ಟಬೇಡಿ. ಮೋಟಾರ್ ಇಲ್ಲದೆ ಬೆರಳಲ್ಲಿ ತಳ್ಳಿ. ಕಚ್ಚಿದರೆ ಯಾವ ಆಕ್ಸಲ್ ಎಂದು ತಿಳಿಯಲು ಒಂದೊಂದು ಆಕ್ಸಲ್‌ನ ರಾಡ್ ಬಿಡಿಸಿ ನೋಡಿ. ತಪ್ಪಿದ ಆಕ್ಸಲ್‌ನ ಒಂದು ಚಕ್ರವನ್ನು ಕೂದಲಿನಷ್ಟು ತಿರುಗಿಸಿ. ಅದಕ್ಕೂ ಸರಿಯಾಗದಿದ್ದರೆ ಮಾತ್ರ ರಾಡ್‌ನ ತೂತನ್ನು ಗುಂಡು ಅರದಿಂದ 0.1 ಮಿ.ಮೀ.ನಷ್ಟು ಹಿಗ್ಗಿಸಿ. ಮೊದಲೇ ಅರ ಹಿಡಿಯುವವರಿದ್ದಾರೆ. ತೂತು ದೊಡ್ಡದಾದರೆ ಎಂಜಿನ್ ಓಡುತ್ತದೆ, ಆದರೆ ಟಕಟಕ ಅನ್ನುತ್ತದೆ, ಮತ್ತೆ ಸರಿ ಮಾಡಲು ಹೊಸ ರಾಡೇ ಬೇಕು.

ಇದು ಸಲೀಸಾಗಿ ಉರುಳಿದ ಮೇಲೆ ಮೋಟಾರ್. ಆಮೇಲೆ ಒಂದು ಪಕ್ಕದ ಪಿಸ್ಟನ್ ರಾಡ್, ಓಡಿಸಿ. ಇನ್ನೊಂದು ಪಕ್ಕ, ಮತ್ತೆ ಓಡಿಸಿ. ಒಂದೊಂದು ಭಾಗ ಸೇರಿಸಿದಾಗಲೂ ಓಡಿಸುವುದು ಬೇಸರ ಅನಿಸುತ್ತದೆ. ಎಲ್ಲ ಸೇರಿಸಿ ಕೊನೆಗೆ ಓಡಿಸಿದರೆ ತಪ್ಪು ಎಲ್ಲಿದೆ ಅಂತ ಹುಡುಕಲು ಮತ್ತೆ ಎಲ್ಲ ಬಿಚ್ಚಬೇಕು.

ಬಾಯ್ಲರ್‌ಗೆ ಮನೆ ವೈರಿಂಗ್‌ನ 20 ಮಿ.ಮೀ. ಪಿವಿಸಿ ಪೈಪ್ ಬರುತ್ತದೆ. 87ರಿಂದ ಗುಣಿಸಿದರೆ 1740 ಮಿ.ಮೀ. ನಿಮ್ಮ ಅಳತೆ ಹಾಳೆಯ ಜೊತೆ ತಾಳೆ ನೋಡಿ, ಕಡಿಮೆ ಬಿದ್ದರೆ ತೆಳು ಸ್ಟೈರೀನ್ ಸುತ್ತಿ ದಪ್ಪ ಮಾಡಿ. ಸ್ಟೈರೀನ್ ಅಂಟು ಪಿವಿಸಿಗೆ ನಂಬಿಕೆಯದ್ದಲ್ಲ, ಇಲ್ಲಿ ಅರಾಲ್ಡೈಟ್ ಬಳಸಿ. ಡಬ್ಲ್ಯೂಪಿಯ ಮುಂದಿನ ಉಬ್ಬು ಮೂತಿಯನ್ನು ಎಂ-ಸೀಲ್‌ನಲ್ಲಿ ಮೆತ್ತಿ, ಗಟ್ಟಿಯಾದ ಮೇಲೆ ಅರೆದು ಆಕಾರ ತರುವುದು ಸುಲಭ. ನಕ್ಷತ್ರವನ್ನು ಮಾತ್ರ ಬೇರೆ ಕತ್ತರಿಸಿ ಕೊನೆಗೆ ಅಂಟಿಸಿ.

## ಹಂತ 7: ತೂಕ

ಪ್ಲಾಸ್ಟಿಕ್ ಬಾಡಿ ಹಗುರ. ತೂಕ ಇಲ್ಲದಿದ್ದರೆ ಚಕ್ರ ಸುಮ್ನೆ ಸುತ್ತುತ್ತದೆ, ಕರೆಂಟೂ ಸರಿಯಾಗಿ ಹಿಡಿಯಲ್ಲ. ಗಾಳದ ಸೀಸದ ಗುಂಡು, ಏರ್‌ಗನ್ ಪೆಲೆಟ್ ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುತ್ತವೆ. ಅವನ್ನು ಸೀಸ ಅಂತ ಖಾತ್ರಿ ಮಾಡಿಕೊಂಡು ಬಳಸಿ.

ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಸೀಸ ಕೂರಿಸಬೇಡಿ. ಎರಡೂ ಸೇರಿ ನಿಧಾನಕ್ಕೆ ಬಿಳಿ ಪುಡಿಯಾಗಿ ಉಬ್ಬುತ್ತವೆ, ತೇವ ಇದ್ದರೆ ಇನ್ನೂ ಬೇಗ. ಒಳಗಿಂದಲೇ ಬಾಯ್ಲರ್ ಸೀಳಿಹೋದದ್ದನ್ನು ನೋಡಿದ್ದೇನೆ. ಅರಾಲ್ಡೈಟ್ ಹಾಕಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಡೀಸೆಲ್‌ನಲ್ಲಿ ತೂಕ ಎರಡೂ ಬೋಗಿಗಳಿಗೆ ಸಮ ಬೀಳಲಿ. ಸ್ಟೀಮ್‌ನಲ್ಲಿ ದೊಡ್ಡ ಚಕ್ರಗಳ ನಡುಮಧ್ಯಕ್ಕೆ ಬರಬೇಕು. ಎಂಜಿನ್ ಕೆಳಗೆ ಪೆನ್ಸಿಲ್ ಅಡ್ಡ ಇಟ್ಟು ತೂಗಿ ನೋಡಿದರೆ ಗೊತ್ತಾಗುತ್ತದೆ.

ಪರೀಕ್ಷೆಗೆ ಒಂದು ಮೀಟರ್ ಹಲಗೆಗೆ ಹಳಿ ಹಾಕಿ ಒಂದು ತುದಿಯನ್ನು 2 ಸೆಂ.ಮೀ. ಎತ್ತರಿಸಿ. ಇದು 50ಕ್ಕೆ 1ರ ಏರು, ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿರುವಷ್ಟೇ. ನಾಲ್ಕು ಕೋಚ್ ಎಳೆದುಕೊಂಡು ಹತ್ತಬೇಕು. ಎಂಜಿನ್ ನಿಂತು ಚಕ್ರ ಜಾರಿದರೆ ತೂಕ ಸೇರಿಸಿ. ಚಕ್ರವೂ ನಿಂತು ಮೋಟಾರ್ ಗುಂಯ್ ಅಂದರೆ ತೂಕ ಜಾಸ್ತಿಯಾಗಿದೆ, ಕರೆಂಟ್ ತೆಗೆಯಿರಿ.

## ಹಂತ 8: ಲೈಟ್

ಎರಡು ಸಣ್ಣ ಎಲ್‌ಇಡಿ, ಒಂದು 1 ಕಿಲೋ ಓಮ್ ರೆಸಿಸ್ಟರ್. ಒಂದರ ಪ್ಲಸ್ ಕಾಲನ್ನು ಇನ್ನೊಂದರ ಮೈನಸ್ ಕಾಲಿಗೆ, ಅದರ ಮೈನಸ್ ಕಾಲನ್ನು ಇನ್ನೊಂದರ ಪ್ಲಸ್ ಕಾಲಿಗೆ ಸೇರಿಸಿ ಎರಡನ್ನೂ ಜೊತೆ ಮಾಡಿ, ರೆಸಿಸ್ಟರ್ ಅನ್ನು ಈ ಜೋಡಿಗೆ ಸಾಲಿನಲ್ಲಿ ಹಾಕಿ. ಮುಂದೆ ಹೋಗುವಾಗ ಮುಂದಿನದು, ಹಿಂದೆ ಬರುವಾಗ ಹಿಂದಿನದು ಉರಿಯುತ್ತದೆ. ರೆಸಿಸ್ಟರ್ ಬಿಟ್ಟರೆ ಒಂದೇ ಕ್ಷಣ ಜೋರಾಗಿ ಹೊಳೆದು ಆರಿಹೋಗುತ್ತದೆ. ಬಾಡಿಯ ಪ್ಲಾಸ್ಟಿಕ್‌ನಿಂದಲೇ ಬೆಳಕು ಸೋರದಂತೆ ಒಳಗೆ ಕಪ್ಪು ಬಣ್ಣ ಬಳಿಯಿರಿ.

## ಹಂತ 9: ಕುಸುರಿ ಕೆಲಸ

ಎಂಜಿನ್ ನಿಜದ್ದು ಅನಿಸುವುದು ಕೈಹಿಡಿಗಳಿಂದ. ನಿಜವಾದ ಕೈಹಿಡಿ ಪೈಪ್ ಸುಮಾರು 35 ಮಿ.ಮೀ. ದಪ್ಪ, ಮಾಡೆಲ್‌ನಲ್ಲಿ 0.4. ಅಷ್ಟೇ ದಪ್ಪದ ಹಿತ್ತಾಳೆ ತಂತಿ ಹಾಕಿ. 1 ಮಿ.ಮೀ. ತಂತಿ ಹಾಕಿದರೆ ಡ್ರೈವರ್ ಅಡಿಕೆ ಮರ ತಬ್ಬಿಕೊಂಡು ಹತ್ತಬೇಕಾಗುತ್ತದೆ.

ತಂತಿ ಮೊದಲು ನೇರ ಆಗಬೇಕು. ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಮೇಜಿಗೆ ಬಿಗಿದು, ಒಂದೇ ಸಲ ಮೆಲ್ಲಗೆ ಎಳೆಯಿರಿ. ತಂತಿ ಸ್ವಲ್ಪ ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಗೆ ಬಿಡಿ. ಸುರುಳಿಯ ಬಾಗೆಲ್ಲ ಹೋಗಿರುತ್ತದೆ. ಬಗ್ಗಿಸಲು ಒಂದು ಪಟ್ಟಿಯಲ್ಲಿ ಎರಡು ತೂತು ಕೊರೆದು ಅಚ್ಚು ಮಾಡಿಕೊಳ್ಳಿ. ಎಲ್ಲ ಕೈಹಿಡಿಯೂ ಒಂದೇ ಉದ್ದ ಬರುತ್ತದೆ. ಬಾಡಿಗೆ ಕೂರಿಸುವಾಗ ತಂತಿ ಮತ್ತು ಪಕ್ಕದ ನಡುವೆ 1 ಮಿ.ಮೀ. ಪಟ್ಟಿ ತೂರಿಸಿಡಿ. ಅಂಟನ್ನು ಒಳಗಿನಿಂದ ಹಾಕಿ. ಒಣಗಿದ ಮೇಲೆ ಪಟ್ಟಿ ಎಳೆದುಬಿಟ್ಟರೆ ಎಲ್ಲ ಕಡೆ ಒಂದೇ ಅಂತರ.

ರೇಡಿಯೇಟರ್ ಜಾಲರಿಗೆ ಟೀ ಸೋಸುವ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಸಾಕು. ಸೊಳ್ಳೆ ಪರದೆಯ ಕಣ್ಣು ಈ ಸ್ಕೇಲ್‌ಗೆ ತೀರಾ ದೊಡ್ಡದು.

ರಿವೆಟ್‌ಗಳಿಗೆ ತೆಳು ಹಾಳೆಯ ಹಿಂದಿನಿಂದ ಒತ್ತಬೇಕು. ಟೈಲರ್ ಗುರುತು ಹಾಕುವ ಚಕ್ರದ ಹಲ್ಲು ದೂರ ದೂರ ಇರುತ್ತದೆ. ಹಳೆಯ ಗಡಿಯಾರದ ಹಲ್ಲಿನ ಚಕ್ರ ಇದ್ದರೆ ಅದಕ್ಕೊಂದು ಹಿಡಿ ಕಟ್ಟಿಕೊಳ್ಳಿ. ಸಾಲು ನೇರ ಬರಲು ಸ್ಟೀಲ್ ಸ್ಕೇಲ್ ಪಕ್ಕದಲ್ಲೇ ಉರುಳಿಸಿ.

ಟೆಂಡರ್‌ನ (ಸ್ಟೀಮ್ ಎಂಜಿನ್ ಹಿಂದಿನ ಕಲ್ಲಿದ್ದಲು ಗಾಡಿ) ಕಲ್ಲಿದ್ದಲಿಗೆ ಒಲೆಯ ಇದ್ದಿಲು ಪುಡಿ ಮಾಡಿ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕೂರಿಸಿ. ಕಾಫಿ ಪುಡಿ, ಚರಟ ಹಾಕುವ ಆಸೆ ಕೊಡಗಿನವರಿಗೆ ಸಹಜ. ಬೇಡ. ಮೊದಲ ಮಳೆಗೇ ಬೂಷ್ಟು ಹಿಡಿದು ಕಲ್ಲಿದ್ದಲು ಬೆಳ್ಳಗಾಗುತ್ತದೆ.

## ಹಂತ 10: ಬಣ್ಣ

ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡಿದ್ದ ಕಡೆ ಬಣ್ಣ ಹಿಡಿಯಲ್ಲ.

ಒಂದು ಅಗ್ಗದ ಹೈಗ್ರೋಮೀಟರ್ ತೆಗೆದುಕೊಳ್ಳಿ. ಗಾಳಿಯ ತೇವ ಶೇಕಡಾ 70ಕ್ಕಿಂತ ಮೇಲಿದ್ದರೆ ಸ್ಪ್ರೇ ಕ್ಯಾನ್ ಮುಟ್ಟಬೇಡಿ. ಒಣ ದಿನದಲ್ಲೂ ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ಒಳಗೆ ಮುಗಿಸಿ. ಸಂಜೆ ಮಂಜು ಇಳಿಯುವ ಹೊತ್ತಿಗೆ ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿರಬೇಕು. ಬಣ್ಣದ ದ್ರಾವಕ ಆರುವಾಗ ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಬಿಳಿ ಮಬ್ಬು ಬರುವುದು ಅದರಿಂದ.

ಎಂಜಿನ್‌ಗೆ ಹೊಡೆಯುವ ಮೊದಲು ಪ್ಲಾಸ್ಟಿಕ್ ಚಮಚಕ್ಕೆ ಹೊಡೆದು ಕಾಲು ಗಂಟೆ ಕಾಯಿರಿ. ಚಮಚ ಮಬ್ಬಾದರೆ ಇವತ್ತು ಬೇಡ. ಎಂಜಿನ್‌ಗೇ ಮಬ್ಬು ಬಂದುಬಿಟ್ಟಿದ್ದರೆ ಗಾಬರಿ ಬೇಡ, ಒಣ ಬಿಸಿಲಿನ ದಿನ ಹೊಳಪಿನ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಷ್) ತೆಳುವಾಗಿ ಹೊಡೆದರೆ ಬಹಳ ಸಲ ಹೋಗುತ್ತದೆ.

ಮೊದಲು ಬೂದು ಪ್ರೈಮರ್. ಕಾಣದಿದ್ದ ಗೀರು, ಸಂದಿ ಎಲ್ಲ ಈಗ ಕಾಣುತ್ತದೆ. ತುಂಬಿ, ಅರೆದು, ಮತ್ತೆ ಪ್ರೈಮರ್. ಆಮೇಲೆ ತಿಳಿ ಬಣ್ಣ ಮೊದಲು, ಗಾಢ ಬಣ್ಣ ನಂತರ. ಕ್ಯಾನ್ 20ರಿಂದ 25 ಸೆಂ.ಮೀ. ದೂರದಲ್ಲಿರಲಿ, ಎಂಜಿನ್‌ನ ಹೊರಗೆ ಶುರು ಮಾಡಿ ಹೊರಗೇ ನಿಲ್ಲಿಸಿ. ಒಂದೇ ಸಲ ಮುಚ್ಚಲು ಹೋಗಬೇಡಿ, ರಿವೆಟ್ ಎಲ್ಲ ಮುಳುಗಿಹೋಗುತ್ತದೆ.

ಪಟ್ಟಿಗೆ ಮಾಸ್ಕಿಂಗ್ ಟೇಪ್ ಹಾಕಿ, ಟೇಪ್ ಅಂಚಿಗೆ ಮೊದಲು ಕೆಳಗಿರುವ ಬಣ್ಣವನ್ನೇ ಒಂದು ಸಲ ಹೊಡೆಯಿರಿ. ಸೋರುವುದಿದ್ದರೆ ಅದೇ ಬಣ್ಣ ಸೋರಿ ಸಂದಿ ಮುಚ್ಚುತ್ತದೆ. ಆಮೇಲೆ ಹೊಡೆದ ಹೊಸ ಬಣ್ಣದ ಗೆರೆ ಚಾಕುವಿನಲ್ಲಿ ಕತ್ತರಿಸಿದಂತೆ ನೇರ ಬರುತ್ತದೆ. ಒಣಗಿದೆಯಾ ಅಂತ ಮುಟ್ಟಿ ನೋಡಬೇಡಿ, ಮೂಸಿ ನೋಡಿ. ವಾಸನೆ ಇದ್ದರೆ ಇನ್ನೂ ಹಸಿ.

ಮಳೆಗಾಲದಲ್ಲಿ ಬಣ್ಣ ಹಚ್ಚಲೇಬೇಕಾದರೆ ನೀರಿನ ಅಕ್ರಿಲಿಕ್ ತೆಗೆದುಕೊಂಡು ಬ್ರಷ್‌ನಲ್ಲಿ ಹಚ್ಚಿ. ಒಣಗಲು ಹೊತ್ತು ಹಿಡಿಯುತ್ತದೆ, ಆದರೆ ಮಬ್ಬು ಬರಲ್ಲ.

## ಹಂತ 11: ನಂಬರ್ ಮತ್ತು ಅಕ್ಷರ

ನೀರಿನಲ್ಲಿ ಅದ್ದಿ ಜಾರಿಸುವ ಡೆಕಲ್ ಕಾಗದಕ್ಕೆ ಮನೆ ಪ್ರಿಂಟರ್‌ನಲ್ಲೇ ಮುದ್ರಿಸಬಹುದು. ಇಂಕ್‌ಜೆಟ್ ಆದರೆ ಅದ್ದುವ ಮೊದಲು ಕ್ಲಿಯರ್ ಹೊಡೆಯಿರಿ, ಇಲ್ಲದಿದ್ದರೆ ಮಸಿ ನೀರಲ್ಲಿ ಕರಗಿ ಹೋಗುತ್ತದೆ. ಮನೆ ಪ್ರಿಂಟರ್ ಬಿಳಿ ಬಣ್ಣ ಮುದ್ರಿಸಲ್ಲ. ಗಾಢ ಬಣ್ಣದ ಎಂಜಿನ್ ಮೇಲೆ ಬಿಳಿ ನಂಬರ್ ಬೇಕಾದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಬಿಳಿ ಮುದ್ರಿಸುವ ಕಡೆ ಮಾಡಿಸಿ ತರಿಸಿಕೊಳ್ಳುವುದೇ ದಾರಿ.

ಡೆಕಲ್ ಕೂರುವ ಜಾಗ ಹೊಳಪಾಗಿರಬೇಕು. ಮ್ಯಾಟ್ ಮೈ ಮೇಲೆ ಅಂಟಿಸಿದರೆ ಕೆಳಗೆ ಗಾಳಿ ಉಳಿದು ಅಂಚು ಬೆಳ್ಳಿಯ ಹಾಗೆ ಮಿನುಗುತ್ತದೆ. ಅಂಟಿಸಿ, ಒಣಗಿಸಿ, ಎಲ್ಲದರ ಮೇಲೆ ಮ್ಯಾಟ್ ಕ್ಲಿಯರ್ ಹೊಡೆಯಿರಿ. ಕಿಟಕಿ ಗಾಜು ಹಾಕುವುದು ಇದಾದ ಮೇಲೆ, ಒಣಗಿದಾಗ ಪಾರದರ್ಶಕವಾಗುವ ಬಿಳಿ ಅಂಟಿನಲ್ಲಿ.

ಮಸಿ, ತುಕ್ಕು, ಧೂಳಿನ ಬಣ್ಣ ಹಚ್ಚಿ ಹಳೆಯದು ಮಾಡುವುದಿದ್ದರೆ ಚಾಕ್ ಪ್ಯಾಸ್ಟಲ್ ಪುಡಿ ಸಾಕು. ಡೀಸೆಲ್‌ನಲ್ಲಿ ಹೊಗೆ ಕೊಳವೆ ಸುತ್ತ ಕಪ್ಪು, ಬೋಗಿಗಳ ಮೇಲೆ ಬ್ರೇಕ್ ಧೂಳಿನ ಕಂದು. ನಿಮ್ಮ ಫೋಟೋದಲ್ಲಿ ಎಷ್ಟಿದೆಯೋ ಅದರ ಅರ್ಧ ಹಚ್ಚಿ ನಿಲ್ಲಿಸಿ.

## ಹಂತ 12: ಮಳೆಗಾಲದಲ್ಲಿ ಕಾಪಾಡುವುದು

ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿ ಆದರೆ ತೇವ ಕುಡಿದು ತುಂಬಿದೆ ಅಂತ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ನೀಲಿಗೆ ತನ್ನಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಎಂಜಿನ್ ಅಲ್ಲಿಡುವವರಿದ್ದಾರೆ. ಹೊಗೆಯ ಜಿಡ್ಡು ಗೇರ್‌ಗೆ ಇಳಿಯುತ್ತದೆ, ಬಿಸಿಗೆ ಸ್ಟೈರೀನ್ ಬಾಗುತ್ತದೆ. ಅದರ ಬದಲು ಬೀರುವಿನ ಕೆಳಗಿನ ಖಾನೆಯಲ್ಲಿ ಸಣ್ಣ ತಂತಿ ಬಲ್ಬ್ ಉರಿಸಿ, ಎಂಜಿನ್ ಮೇಲಿನ ಖಾನೆಯಲ್ಲಿರಲಿ. ಬಲ್ಬ್ ಹತ್ತಿರ ಬಟ್ಟೆ, ಕಾಗದ ಇರಬಾರದು. ಎಲ್‌ಇಡಿ ಬಲ್ಬ್ ಹಾಕಿದರೆ ಬಿಸಿ ಬರಲ್ಲ.

ವಾರಕ್ಕೊಮ್ಮೆ ಹೊರತೆಗೆದು ಹತ್ತು ನಿಮಿಷ ಓಡಿಸಿ. ಓಡಿಸುವ ಮೊದಲು ಚಕ್ರ, ಹಳಿ ಎರಡನ್ನೂ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಗೀರಿನಲ್ಲೆಲ್ಲ ಮತ್ತೆ ಕೊಳೆ ಕೂರುತ್ತದೆ. ಎಂಜಿನ್ ತಡವರಿಸಿದರೆ ಬೆರಳಲ್ಲಿ ತಳ್ಳಿ ಮುಂದೆ ಕಳಿಸಬೇಡಿ, ಎತ್ತಿ ಚಕ್ರದ ತಳ ನೋಡಿ. ಅಲ್ಲಿ ಕಪ್ಪು ಪಟ್ಟಿ ಕಂಡರೆ ಒರೆಸಿದ್ದು ಸಾಲದು. ಚಕ್ರ ಚೊಕ್ಕ ಇದ್ದರೆ ಮಲ್ಟಿಮೀಟರ್ ತೆಗೆದುಕೊಂಡು 4ನೇ ಹಂತದ ಪರೀಕ್ಷೆಗಳನ್ನು ಮೊದಲಿನಿಂದ ಮಾಡಿ.